ಪೆನ್ಸಿಲ್‌ನಲ್ಲಿ ಬರೆದ ಎನ್ ವ್ಯಾಲ್ಯೂ

ಜಿಯೋಟೆಕ್ ಲ್ಯಾಬ್ ವೈವಾದಲ್ಲಿ ತಪ್ಪದೇ ಬರುವ ಪ್ರಶ್ನೆ: "ಎಸ್‌ಪಿಟಿ ಅಂದ್ರೇನು ಹೇಳಿ." ನಾವು ಮಗ್ಗಿ ಒಪ್ಪಿಸೋ ಥರ ಒಪ್ಪಿಸ್ತೀವಿ. 63.5 ಕೆಜಿ ಹ್ಯಾಮರ್, 75 ಸೆಂಟಿಮೀಟರ್ ಎತ್ತರದಿಂದ ಬೀಳಬೇಕು, ಮೊದಲ 15 ಸೆಂಟಿಮೀಟರ್ ಲೆಕ್ಕಕ್ಕಿಲ್ಲ, ಆಮೇಲಿನ 30 ಸೆಂಟಿಮೀಟರ್ ಇಳಿಯೋಕೆ ಎಷ್ಟು ಏಟು ಬೇಕಾಯ್ತೋ ಅದೇ ಎನ್ ವ್ಯಾಲ್ಯೂ. ಎಕ್ಸ್‌ಟರ್ನಲ್ ತಲೆ ಆಡಿಸ್ತಾರೆ, ಮುಂದಿನ ರೋಲ್ ನಂಬರ್ ಕರೀತಾರೆ. ನಾನೂ ಹಾಗೇ ಪಾಸಾದವನು.

ಕಳೆದ ಸಲ ಕಾಲೇಜಿಗೆ ಬಂದಿದ್ದಾಗ ಫೈನಲ್ ಇಯರ್‌ನ ಇಬ್ಬರು ಕ್ಯಾಂಟೀನಲ್ಲಿ ಹಿಡ್ಕೊಂಡ್ರು. "ಅಣ್ಣಾ, ಜಿಯೋಟೆಕ್ ಕಡೆ ಬರ್ಬೇಕು ಅಂತಿದೀವಿ, ಯಾವ ಸಾಫ್ಟ್‌ವೇರ್ ಕೋರ್ಸ್ ಮಾಡಿದ್ರೆ ಒಳ್ಳೇದು?" ಅಂತ. ಒಂದೆರಡು ಹೆಸರು ಹೇಳಿ ಟೀ ಕುಡಿದು ಬಂದೆ. ಬಸ್ಸಲ್ಲಿ ಕೂತ ಮೇಲೆ ಅನ್ನಿಸ್ತು, ತಪ್ಪು ಉತ್ತರ ಕೊಟ್ಟೆ ಅಂತ. ಸರಿಯಾದ ಉತ್ತರ ಟೀ ಮುಗಿಯೋದ್ರೊಳಗೆ ಹೇಳೋದಾಗಿರಲಿಲ್ಲ. ಅದಕ್ಕೇ ಈ ಲೇಖನ.

ಸಿವಿಲ್‌ನ ಬೇರೆ ವಿಷಯಗಳಿಗೂ ಜಿಯೋಟೆಕ್‌ಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಎಂ25 ಕಾಂಕ್ರೀಟ್ ಬೇಕು ಅಂದ್ರೆ ನಾವೇ ಮಾಡಿಸ್ತೀವಿ, ಸ್ಟೀಲ್ ಬೇಕಾದ ಗ್ರೇಡಿನದೇ ತರಿಸ್ತೀವಿ. ಮಣ್ಣನ್ನ ಆರ್ಡರ್ ಮಾಡೋಕೆ ಆಗಲ್ಲ. ಅಲ್ಲಿ ಏನಿದೆಯೋ ಅದೇ. ಅದನ್ನೂ ಪೂರ್ತಿ ನೋಡೋಕೆ ಆಗಲ್ಲ. ಒಂದು ಎಕರೆ ಸೈಟಿನಲ್ಲಿ ನಾಲ್ಕು ಬೋರ್‌ಹೋಲ್ ಹಾಕಿದರೆ, ಒಂದೊಂದೂ 15 ಸೆಂಟಿಮೀಟರ್ ವ್ಯಾಸದ್ದು, ಒಟ್ಟು ನೆಲದಲ್ಲಿ ನಾವು ಕಣ್ಣಾರೆ ಕಂಡದ್ದು ಒಂದು ಊಟದ ಎಲೆಯಷ್ಟು ಜಾಗವೂ ಅಲ್ಲ. ಉಳಿದಿದ್ದೆಲ್ಲ ಊಹೆ. ಆ ಊಹೆ ಮಾಡೋ ಬುದ್ಧಿ ಪುಸ್ತಕದಿಂದ ಅರ್ಧ ಬರುತ್ತೆ. ಇನ್ನರ್ಧ, ನಮಗಿಂತ ಮುಂಚೆ ನೂರಾರು ಸೈಟಲ್ಲಿ ಊಹಿಸಿ, ತಪ್ಪಿ, ತಿದ್ದಿಕೊಂಡ ಒಬ್ಬರು ಪಕ್ಕದಲ್ಲಿ ನಿಂತು "ಇದನ್ಯಾಕೆ ಹೀಗೆ ಬರೆದೆ?" ಅಂತ ಕೇಳಿದಾಗ ಬರುತ್ತೆ. ಹಾಗೆ ಕೇಳೋರು ಇಲ್ಲದೇ ಹೋದರೆ ಏನಾಗುತ್ತೆ ಅನ್ನೋದನ್ನ ನನ್ನ ಮೊದಲ ಕೆಲಸದಿಂದಲೇ ಹೇಳಿಬಿಡ್ತೀನಿ.

ಲಾಡ್ಜ್ ರೂಮಿನಲ್ಲಿ ಬರೆದ ಬೋರ್‌ಲಾಗ್

ಡಿಗ್ರಿ ಮುಗಿಸಿ ಸಾಯಿಲ್ ಇನ್ವೆಸ್ಟಿಗೇಷನ್ ಮಾಡುವ ಒಂದು ಸಣ್ಣ ಸಂಸ್ಥೆಗೆ ಸೇರಿದೆ. ಹೆಸರು ಬೇಡ. ಮೂರನೇ ದಿನಕ್ಕೇ ಕರಾವಳಿಯ ಒಂದು ಸೈಟಿಗೆ ಒಬ್ಬನನ್ನೇ ಕಳಿಸಿದ್ರು. ರಿಗ್ಗು, ನಾಲ್ಕು ಜನ ಹುಡುಗರು, ಬಾಗಲಕೋಟೆ ಕಡೆಯ ಒಬ್ಬ ಮೇಸ್ತ್ರಿ, ಮತ್ತು "ಸೈಟ್ ಎಂಜಿನಿಯರ್" ಅಂತ ನಾನು. ನಾಲ್ಕು ಬೋರ್‌ಹೋಲ್, ಒಂದೊಂದು 15 ಮೀಟರ್ ಅಥವಾ ರೆಫ್ಯೂಸಲ್ ಬರುವ ತನಕ ಅಂತ ವರ್ಕ್ ಆರ್ಡರಿನಲ್ಲಿತ್ತು. ಸ್ಪೂನು ಇನ್ನು ಇಳಿಯೋದೇ ಇಲ್ಲ ಅನ್ನೋ ಹಂತವನ್ನ ರೆಫ್ಯೂಸಲ್ ಅಂತಾರೆ.

ಮೊದಲ ಹೋಲಲ್ಲಿ ಮೂರು ಮೀಟರಿಗೇ ಮುರಕಲ್ಲು ಸಿಕ್ತು. 50 ಏಟಿಗೆ ಸ್ಪೂನು 10 ಸೆಂಟಿಮೀಟರೂ ಇಳೀಲಿಲ್ಲ. ಮೇಸ್ತ್ರಿ ಹೇಳಿದ, "ಸಾಹೇಬ್ರ, ಇಷ್ಟ್ ಗಟ್ಟಿ ಐತಿ, ಇನ್ನೇನ್ ಬೇಕ್ರಿ? ನಿಲ್ಲಿಸೂಣು." ಆಫೀಸಿಗೆ ಫೋನ್ ಮಾಡಿದೆ. ನಿಲ್ಲಿಸು ಅಂದ್ರು. ಎರಡನೇದೂ ಹಾಗೇ ಆಯ್ತು. ಮಳೆ ಶುರುವಾಯ್ತು, ರಿಗ್ಗು ಇನ್ನೊಂದು ಸೈಟಿಗೆ ಹೋಗ್ಬೇಕಿತ್ತು. ಮೂರನೇದು, ನಾಲ್ಕನೇದು? "ಎರಡರಲ್ಲೂ ಒಂದೇ ಥರ ಬಂದಿದೆ ಅಲ್ವಾ, ಅದೇ ಥರ ಬರ್ದುಬಿಡು." ಆ ರಾತ್ರಿ ಲಾಡ್ಜಿನ ಮಂಚದ ಮೇಲೆ ಕೂತು, ನೆಲಕ್ಕೆ ತಾಗದೇ ಇದ್ದ ಎರಡು ಬೋರ್‌ಹೋಲ್‌ಗಳ ಎನ್ ವ್ಯಾಲ್ಯೂ ನಾನೇ ನನ್ನ ಕೈಯಾರೆ ಬರೆದೆ. ನಂಬೋ ಹಾಗಿರಲಿ ಅಂತ ಒಂದೆರಡು ಏಟು ಆಚೀಚೆ ಮಾಡಿದೆ. ಕೆಳಗೆ ಸಹಿ ಹಾಕಿದೆ.

ಕೆಟ್ಟವನಾಗಿ ಮಾಡಿದ್ದಲ್ಲ ಅಂತ ಹೇಳಿಕೊಳ್ಳೋಕೆ ಇಷ್ಟ. ಆದ್ರೆ ನನಗೆ ಅದು ತಪ್ಪು ಅಂತ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು, ಆ ತಪ್ಪು ಎಷ್ಟು ದೊಡ್ಡದು ಅನ್ನೋದು. ಬರೀ ಎರಡು ಹೋಲ್ ಸುಳ್ಳು ಬರೆದೆ ಅಂದುಕೊಂಡಿದ್ದೆ. ನಿಜವಾಗಿ ಹಾಕಿದ ಎರಡು ಹೋಲೂ ಹೆಚ್ಚುಕಮ್ಮಿ ಸುಳ್ಳೇ ಅಂತ ಗೊತ್ತಾಗೋಕೆ ಎಂಟು ತಿಂಗಳು ಮತ್ತು ಇನ್ನೊಂದು ಕೆಲಸ ಬೇಕಾಯ್ತು.

ಮುರಕಲ್ಲಿನ ಕೆಳಗೆ

ಎರಡನೇ ಕೆಲಸ ಮಂಗಳೂರಿನಲ್ಲಿ. ಅಲ್ಲಿ ನಮ್ಮ ತಂಡಕ್ಕೆ ಹಿರಿಯರೊಬ್ಬರಿದ್ದರು, ಎಲ್ಲರೂ ಬರೀ 'ಸರ್' ಅಂತಿದ್ವಿ. ಮೊದಲ ಸೈಟಿನಲ್ಲಿ ಅದೇ ಕಥೆ, ಮೂರು ಮೀಟರಲ್ಲಿ ಮುರಕಲ್ಲು, 50 ಏಟಿಗೆ 8 ಸೆಂಟಿಮೀಟರ್. ಅಭ್ಯಾಸಬಲದಿಂದ ಫೋನ್ ಮಾಡಿ "ಸರ್, ರೆಫ್ಯೂಸಲ್ ಬಂತು, ಕ್ಲೋಸ್ ಮಾಡ್ಲಾ?" ಅಂದೆ.

"ಎಂಥ ಮಾರಾಯ, ಕಲ್ಲು ಸಿಕ್ಕಿದ ಕೂಡ್ಲೇ ಮನೆಗೆ ಹೋಗುದಾ? ಆ ಕಲ್ಲು ಎಷ್ಟು ದಪ್ಪ ಉಂಟು ಅಂತ ನೋಡಿದ್ಯಾ?"

ನೋಡಿರಲಿಲ್ಲ. ಚೀಸಲ್ ಹಾಕಿ ಕುಟ್ಟಿಸಿದೆವು. ನಾಲ್ಕೂವರೆ ಮೀಟರಿಗೆ ಮುರಕಲ್ಲು ಮುಗೀತು. ಕೆಳಗಿಂದ ಬಂದದ್ದು ಗುಲಾಬಿ, ಬಿಳಿ, ಹಳದಿ ಬೆರೆತ ನುಣ್ಣನೆ ಮಣ್ಣು. ಆರು ಮೀಟರಿನಲ್ಲಿ ಎನ್ 11, ಏಳೂವರೆಯಲ್ಲಿ 9, ಒಂಬತ್ತರಲ್ಲಿ 8. ಬಂಡೆ ಸಿಕ್ಕಿದ್ದು ಹದಿನೇಳೂವರೆ ಮೀಟರಿಗೆ.

ಇದು ಶೇಡಿ ಮಣ್ಣು. ಸಾಗರ, ಶಿರಸಿ ಕಡೆಯವರಿಗೆ ಹೆಸರು ಗೊತ್ತಿರುತ್ತೆ. ನಮ್ಮಜ್ಜಿ ಹೊಸಿಲಿಗೆ, ಗೋಡೆಗೆ ಶೇಡಿ ಬಳೀತಿದ್ರು. ಪೇಪರುಗಳಲ್ಲಿ ಇದಕ್ಕೆ ಲಿಥೋಮಾರ್ಜಿಕ್ ಕ್ಲೇ ಅಂತಾರೆ. ಕೆಳಗಿನ ನೈಸ್ ಬಂಡೆ ಲಕ್ಷಾಂತರ ವರ್ಷ ಮಳೆ, ಬಿಸಿಲಿಗೆ ಕೊಳೆತು ಹೀಗಾಗಿದೆ. ಅದರ ಮೇಲಿನ ಪದರದಲ್ಲಿ ಕಬ್ಬಿಣದ ಆಕ್ಸೈಡು ಸೇರಿ ಗಟ್ಟಿಯಾದದ್ದು ಮುರಕಲ್ಲು, ಅಂದ್ರೆ ಲ್ಯಾಟರೈಟ್. ಅಂದ್ರೆ ಕರಾವಳಿಯಲ್ಲಿ ತುಂಬಾ ಕಡೆ ನೆಲ ತಲೆಕೆಳಗಾಗಿದೆ, ಗಟ್ಟಿ ಮೇಲೆ, ಮೆತ್ತಗೆ ಕೆಳಗೆ. ನಮ್ಮ ಪಠ್ಯದ ಚಿತ್ರಗಳಲ್ಲಿ ಆಳಕ್ಕೆ ಹೋದಂತೆ ಮಣ್ಣು ಗಟ್ಟಿಯಾಗುತ್ತಾ ಹೋಗುತ್ತೆ. ಲಾಡ್ಜಿನಲ್ಲಿ ಕೂತು ನಾನು ಬರೆದದ್ದೂ ಆ ಚಿತ್ರವನ್ನೇ.

ಶೇಡಿಗೆ ಇನ್ನೊಂದು ಗುಣ ಇದೆ. ಒಣಗಿದ್ದಾಗ ಪಿಕಾಸಿಗೂ ಜಗ್ಗಲ್ಲ, ನೆಟ್ಟಗೆ ಕಡಿದ ಗೋಡೆ ಹಾಗೇ ನಿಲ್ಲುತ್ತೆ. ನೀರು ಕುಡಿದ ಮೇಲೆ ಅದೇ ಮಣ್ಣು ಸತ್ವ ಬಿಟ್ಟುಕೊಡುತ್ತೆ. ಮಾರ್ಚ್‌ನಲ್ಲಿ ಬೋರ್ ಹಾಕಿ ನೀರಿನ ಮಟ್ಟ ಒಂಬತ್ತು ಮೀಟರ್ ಕೆಳಗೆ ಅಂತ ಬರೆದರೆ, ಜುಲೈಯಲ್ಲಿ ಅದೇ ಜಾಗದಲ್ಲಿ ನೀರು ಎಲ್ಲಿರುತ್ತೆ ಅಂತಲೂ ಯೋಚಿಸಬೇಕು. ಬೇಸಿಗೆಯಲ್ಲಿ ಬಂದ ಒಣ ಮಣ್ಣಿನ ಎನ್ ವ್ಯಾಲ್ಯೂ ಹಿಡ್ಕೊಂಡು ಸ್ಲೋಪ್ ಕಟಿಂಗ್ ಡಿಸೈನ್ ಮಾಡಿದ್ರೆ, ಮಳೆಗಾಲದಲ್ಲಿ ಅದು ಬೇರೆಯೇ ಮಣ್ಣು. 2024ರ ಜುಲೈ 16ರಂದು ಉತ್ತರ ಕನ್ನಡದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದಾಗ ವಾರಗಟ್ಟಲೆ ಎಲ್ಲರೂ ಗುಡ್ಡ, ಮಣ್ಣು, ಮಳೆ ಅಂತ ಮಾತಾಡಿದ್ವಿ. ಈಗ ಮತ್ತೆ ಯಾರೂ ಮಾತಾಡ್ತಿಲ್ಲ.

ಸರಿ, ಮೇಲೆ ಮೂರು ಮೀಟರ್ ಗಟ್ಟಿ ಕಲ್ಲಿದೆ, ಅದರ ಮೇಲೆ ಕಟ್ಟಡ ಕೂರಿಸಿದ್ರೆ ಸಾಕಲ್ವಾ? ನಾನೂ ಕೇಳಿದೆ. ಸರ್ ಉತ್ತರ ಹೇಳಲಿಲ್ಲ, ಸಿಮೆಂಟ್ ಚೀಲದ ಮೇಲೆ ಲೆಕ್ಕ ಮಾಡಿಸಿದ್ರು. ನೀವೂ ಮಾಡಿ. ಮೂರನೇ ವರ್ಷದ 2:1 ವಿಧಾನ ಸಾಕು.

2.5 ಮೀಟರ್ ಚೌಕದ ಫುಟಿಂಗ್ ಅನ್ನ ಒಂದೂವರೆ ಮೀಟರ್ ಆಳದಲ್ಲಿ, ಮುರಕಲ್ಲಿನ ಮೇಲೆ ಕೂರಿಸಿದ್ದೀವಿ. ಒತ್ತಡ ಪ್ರತಿ ಚದರ ಮೀಟರಿಗೆ 250 ಕಿಲೋನ್ಯೂಟನ್. ಶೇಡಿ ಶುರುವಾಗೋದು ಅಲ್ಲಿಂದ ಮೂರು ಮೀಟರ್ ಕೆಳಗೆ. ಅಲ್ಲಿಗೆ ಹೋಗೋಷ್ಟರಲ್ಲಿ ಭಾರ 5.5 ಮೀಟರ್ ಚೌಕಕ್ಕೆ ಹರಡಿರುತ್ತೆ, ಒತ್ತಡ ಸುಮಾರು 52ಕ್ಕೆ ಇಳಿದಿರುತ್ತೆ. ಪರವಾಗಿಲ್ಲ ಅನ್ನಿಸುತ್ತೆ. ಈಗ ಕ್ಲೈಂಟು "ಫುಟಿಂಗ್ ಬೇಡ, ರಾಫ್ಟ್ ಹಾಕಿ, ಸೇಫ್" ಅಂತಾರೆ. 15 ಮೀಟರ್ ಚೌಕದ ರಾಫ್ಟ್, ಒತ್ತಡ ಬರೀ 100. ಮೂರು ಮೀಟರ್ ಕೆಳಗೆ ಅದು 18 ಮೀಟರ್ ಚೌಕಕ್ಕೆ ಹರಡುತ್ತೆ, ಒತ್ತಡ ಸುಮಾರು 69. ತಳದಲ್ಲಿ 250 ಇದ್ದದ್ದು ಶೇಡಿಗೆ 52 ಕೊಡ್ತು, 100 ಇದ್ದದ್ದು 69 ಕೊಡ್ತು! ಅಗಲ ಹೆಚ್ಚಿದಷ್ಟೂ ಭಾರ ಆಳಕ್ಕೆ ಮುಟ್ಟುತ್ತೆ, ಪ್ರೆಷರ್ ಬಲ್ಬ್ ಚಿತ್ರವನ್ನ ಇಂಟರ್ನಲ್ಸ್‌ನಲ್ಲಿ ಎಷ್ಟು ಸಲ ಬರೆದಿಲ್ಲ. ಇನ್ನು ಫುಟಿಂಗುಗಳು ಹತ್ತಿರ ಹತ್ತಿರ ಇದ್ದರೆ ಆ 52 ಕೂಡ ಸುಳ್ಳು, ಒಂದರ ಹರಡುವಿಕೆ ಇನ್ನೊಂದರ ಮೇಲೆ ಬಿದ್ದು ಎಲ್ಲಾ ಸೇರಿ ರಾಫ್ಟಿನ ಥರಾನೇ ವರ್ತಿಸ್ತವೆ.

ಐಎಸ್ 1892 ಸಾಮಾನ್ಯವಾಗಿ ಫುಟಿಂಗ್ ತಳದಿಂದ ಅದರ ಅಗಲದ ಒಂದೂವರೆ ಪಟ್ಟು ಆಳದ ತನಕ ನೆಲ ನೋಡಿ ಅನ್ನುತ್ತೆ. 2.5 ಮೀಟರಿಗೆ ಅದು 3.75 ಮೀಟರ್, ಅಂದ್ರೆ ಶೇಡಿಯೊಳಗೇ. ಆ ಕೋಡ್ ನನ್ನ ಲ್ಯಾಪ್‌ಟಾಪಿನಲ್ಲಿ ಮೊದಲ ಕೆಲಸದ ದಿನದಿಂದಲೂ ಇತ್ತು. ತೆಗೆದು ನೋಡು ಅಂದವರು ಇರಲಿಲ್ಲ. ನೋಡಿದ್ರೂ "ರೆಫ್ಯೂಸಲ್" ಅನ್ನೋ ಪದ ಇಲ್ಲಿ ಮೋಸ ಮಾಡುತ್ತೆ ಅಂತ ಹೊಳೀತಿತ್ತೋ ಇಲ್ಲವೋ.

ಆ ಕಾಲಂ

ಸರ್ ಕಲಿಸುತ್ತಿದ್ದ ರೀತಿಯಲ್ಲಿ ದೊಡ್ಡ ಭಾಷಣ ಏನೂ ಇರಲಿಲ್ಲ. ಫೀಲ್ಡ್ ಶೀಟಿನಲ್ಲಿ ಎನ್ ವ್ಯಾಲ್ಯೂ ಕಾಲಂ ಪಕ್ಕ ಒಂದು ಗೆರೆ ಎಳೆದು ಇನ್ನೊಂದು ಕಾಲಂ ಮಾಡಿಸಿದ್ರು. ಪ್ರತಿ ಒಂದೂವರೆ ಮೀಟರಿಗೆ ಸ್ಪೂನು ಇಳಿಸೋದಕ್ಕೆ ಮುಂಚೆ, ಎಷ್ಟು ಬರಬಹುದು ಅಂತ ನಾನು ಅಲ್ಲಿ ಪೆನ್ಸಿಲ್‌ನಲ್ಲಿ ಬರೀಬೇಕು. ಆಮೇಲೆ ಬಂದದ್ದನ್ನ ಪೆನ್ನಿನಲ್ಲಿ. ಪೆನ್ಸಿಲ್ ಅಂಕಿ ಅಳಿಸೋ ಹಾಗಿಲ್ಲ.

ಮೊದಲ ವಾರ ಮಾನ ಹೋಯ್ತು. 20 ಅಂದ್ರೆ 8, 10 ಅಂದ್ರೆ 34. ಸುಮ್ಮನೆ ಊಹೆ ಯಾಕೆ, ಅಳತೆ ಹೇಗೂ ಬರುತ್ತಲ್ಲ ಅಂತ ಗೊಣಗಿದ್ದೂ ಇದೆ. ನಲವತ್ತು ಐವತ್ತು ಟೆಸ್ಟ್ ಆಗೋಷ್ಟರಲ್ಲಿ ಅದರ ಮರ್ಮ ತಿಳೀತು. ಊಹಿಸಬೇಕು ಅಂದ್ರೆ ಮೇಲೆ ಬಂದ ಮಣ್ಣನ್ನ ಕೈಯಲ್ಲಿ ಹಿಡಿದು ನೋಡ್ಲೇಬೇಕು, ಮೇಸ್ತ್ರಿ ಕೈಗೆ ರಾಡು ಹೇಗೆ ಸಿಕ್ತಿದೆ ಅಂತ ಕೇಳ್ಲೇಬೇಕು, ವಾಷಿಂಗ್ ನೀರಿನ ಬಣ್ಣ ಬದಲಾದದ್ದನ್ನ ಗಮನಿಸಲೇಬೇಕು. ಇನ್ನೊಂದು, ಊಹೆ ಒಂದು ಮಟ್ಟಕ್ಕೆ ಬಂದ ಮೇಲೆ, ತಪ್ಪಿದಾಗೆಲ್ಲ ಏನೋ ವಿಷಯ ಇದೆ ಅಂತ ಅರ್ಥ.

ಒಂದು ಸಲ 10 ಅಂತ ಬರೆದಿದ್ದೆ, 3 ಬಂತು. ನದಿ ಹತ್ತಿರದ ಸೈಟು, ಮರಳು ಮಿಶ್ರಿತ ಮಣ್ಣು. ಮೊದಲಿನ ನಾನಾಗಿದ್ರೆ 3 ಅಂತ ಬರೆದು ಪೈಲ್ ಉದ್ದ ಮಾಡಿಸ್ತಿದ್ದೆ. ಸರ್ ಶೀಟು ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಹೋಲಲ್ಲಿ ನೀರು ಎಷ್ಟಿತ್ತು?" ಹುಡುಗರು ತೋಡಿ ಖಾಲಿ ಮಾಡಿದ್ರು. ಹೊರಗಿನ ನೀರಿನ ಮಟ್ಟ ಮೇಲಿದೆ, ಹೋಲಿನೊಳಗೆ ಕೆಳಗಿದೆ, ಹಾಗಾಗಿ ತಳದಿಂದ ನೀರು ಮೇಲಕ್ಕೆ ನುಗ್ಗಿ ಮರಳನ್ನ ಕುದಿಸಿ ಸಡಿಲ ಮಾಡಿತ್ತು. ನಾವು ಅಳೆದದ್ದು ನೆಲವನ್ನಲ್ಲ, ನಾವೇ ಕೆಡಿಸಿದ ಮಣ್ಣನ್ನ. ಒಂದೂವರೆ ಮೀಟರ್ ಪಕ್ಕದಲ್ಲಿ ಇನ್ನೊಂದು ಹೋಲ್ ಹಾಕಿ, ಬಾಯಿ ತನಕ ನೀರು ತುಂಬಿಸಿಟ್ಟು ಟೆಸ್ಟ್ ಮಾಡಿದ್ರೆ 9. ಕ್ವಿಕ್ ಸ್ಯಾಂಡ್ ಡೆರಿವೇಷನ್ನು ನಾವೆಲ್ಲ ಎಂಟು ಮಾರ್ಕಿಗೆ ಬರೆದಿದ್ದೀವಿ. ಅದು ನನ್ನ ಬೋರ್‌ಹೋಲಿನ ತಳದಲ್ಲೇ ನಡೀತಿತ್ತು, ನನಗೆ ಪರಿಚಯ ಸಿಗಲಿಲ್ಲ.

ಹೀಗೆ ಕಲಿತ ಚಿಲ್ಲರೆ ವಿಷಯಗಳು ಬೇಕಾದಷ್ಟಿವೆ. ಹ್ಯಾಮರಿನ ಗೈಡ್ ರಾಡಿಗೆ 75 ಸೆಂಟಿಮೀಟರಿಗೆ ಪೇಂಟು ಹಚ್ಚಿಸಿ ಇಡಬೇಕು. ಸಂಜೆ ಐದರ ಮೇಲೆ ಸುಸ್ತಾದ ಹುಡುಗರ ಕೈಯಲ್ಲಿ 75 ನಿಧಾನಕ್ಕೆ 60 ಆಗುತ್ತೆ, ಎನ್ ತಾನಾಗೇ ಏರುತ್ತೆ, ಮಣ್ಣು ಸಂಜೆ ಹೊತ್ತಿಗೆ ಗಟ್ಟಿಯಾಗುತ್ತೆ! ಸ್ಪೂನಿನ ತುದಿಯ ಶೂ ಮೊಂಡಾಗಿದ್ರೂ ಅಷ್ಟೇ. ಮೂರು 15 ಸೆಂಟಿಮೀಟರ್‌ಗಳ ಏಟನ್ನ ಬೇರೆ ಬೇರೆ ಬರೀಬೇಕು, ಕೂಡಿದ ಮೊತ್ತ ಮಾತ್ರ ಬರೆದ್ರೆ ಪ್ರಯೋಜನ ಇಲ್ಲ. 4, 5, 6 ಅಂತಿದ್ರೆ ಎನ್ 11, ಮಣ್ಣು ಒಂದೇ ಸಮ ಇದೆ. 5, 7, 38 ಅಂತಿದ್ರೆ ಎನ್ 45 ಅಂತ ಹಿಗ್ಗಬೇಡಿ, ಕೊನೆಯಲ್ಲಿ ಸ್ಪೂನಿಗೆ ಕಲ್ಲು ಸಿಕ್ಕಿದೆ ಅಷ್ಟೆ, ಸುತ್ತಲಿನ ಮಣ್ಣು ಅಷ್ಟು ಗಟ್ಟಿ ಇಲ್ಲದೇ ಇರಬಹುದು. ಬೋರ್ ಮುಗಿದ ಕೂಡಲೇ ಅಳೆದ ನೀರಿನ ಮಟ್ಟ ನಂಬೋ ಹಾಗಿಲ್ಲ, ಮರುದಿನ ಮತ್ತೆ ಹೋಗಿ ಟೇಪ್ ಬಿಡಬೇಕು. ಇವ್ಯಾವೂ ರಹಸ್ಯ ಅಲ್ಲ. ಬಹಳಷ್ಟು ಐಎಸ್ 2131ರಲ್ಲೋ, ಯಾವುದೋ ಒಳ್ಳೆ ಪುಸ್ತಕದಲ್ಲೋ ಇವೆ. ಆದ್ರೆ ಯಾವ ಸಾಲು ಇವತ್ತು ಸಂಜೆ ನಿನ್ನ ಸೈಟಿಗೆ ಅನ್ವಯ ಆಗುತ್ತೆ ಅಂತ ಪುಸ್ತಕ ಹೇಳಲ್ಲ.

ಸುಳ್ಳು ಬೋರ್‌ಲಾಗ್ ಗುರುತಿಸೋದನ್ನೂ ಸರ್ ಕಲಿಸಿದ್ರು. 12, 18, 24, 32 ಅಂತ ಮೆಟ್ಟಿಲಿನ ಥರ ಏರ್ತಾ ಹೋದ್ರೆ, ನಾಲ್ಕೂ ಹೋಲಲ್ಲಿ ಪದರಗಳು ಒಂದೇ ಆಳಕ್ಕೆ ಬದಲಾದ್ರೆ, ಅನುಮಾನ ಪಡು ಅಂದ್ರು. ನಿಜವಾದ ನೆಲದಲ್ಲಿ ಎಡವಟ್ಟು ಅಂಕಿ ಇದ್ದೇ ಇರುತ್ತೆ. ನಾನು ತಲೆ ತಗ್ಗಿಸಿ ಕೇಳಿಸ್ಕೊಂಡೆ. ಲಾಡ್ಜಿನ ವಿಷಯ ಅವರಿಗೆ ಹೇಳೋಕೆ ಇನ್ನೂ ಒಂದು ವರ್ಷ ಹಿಡೀತು. ಹೇಳಿದಾಗ ಬೈಯಲಿಲ್ಲ. ಆ ಸೈಟು ಎಲ್ಲಿ ಅಂತ ಕೇಳಿದ್ರು, ಹಳೇ ಆಫೀಸಿಗೆ ನನ್ನ ಕೈಯಲ್ಲೇ ಒಂದು ಪತ್ರ ಬರೆಸಿದ್ರು. ಉತ್ತರ ಬರಲಿಲ್ಲ. ಅಲ್ಲಿ ಈಗ ನಾಲ್ಕು ಮಹಡಿ ಕಟ್ಟಡ ಇದೆ. ಆ ಕಡೆ ಹೋದಾಗೆಲ್ಲ ಗೋಡೆಯಲ್ಲಿ ಬಿರುಕು ಹುಡುಕ್ತೀನಿ. ಸದ್ಯಕ್ಕೆ ಏನೂ ಕಂಡಿಲ್ಲ.

ಟೆರ್ಜಾಘಿಯ ಹುಡುಗ

ಊಹಿಸು, ಅಳೆ, ಹೋಲಿಸು ಅನ್ನೋದು ನಮ್ಮ ಸರ್ ಕಂಡುಹಿಡಿದದ್ದಲ್ಲ. ಈ ಶಾಸ್ತ್ರ ಬೆಳೆದದ್ದೇ ಹೀಗೆ, ಅದೂ ಒಬ್ಬ ಗುರು, ಒಬ್ಬ ಶಿಷ್ಯನ ನಡುವೆ.

1939ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ನೆಲದಡಿಯ ರೈಲಿಗೆ ಸುರಂಗ ತೋಡ್ತಿದ್ರು. ಮೆತ್ತನೆ ಜೇಡಿಮಣ್ಣು, ಮೇಲೆ ದೊಡ್ಡ ದೊಡ್ಡ ಕಟ್ಟಡಗಳು. ಸಲಹೆಗಾರರಾಗಿ ಬಂದವರು ಕಾರ್ಲ್ ಟೆರ್ಜಾಘಿ, ನಮ್ಮ ಕನ್ಸಾಲಿಡೇಷನ್ ಥಿಯರಿಯ ಟೆರ್ಜಾಘಿಯೇ. ಅವರು ಹಾರ್ವರ್ಡಿನಲ್ಲಿದ್ದರು, ದಿನಾ ಸೈಟಲ್ಲಿರೋಕೆ ಆಗ್ತಿರಲಿಲ್ಲ. ಅವರ ಪರವಾಗಿ ಶಿಕಾಗೋದಲ್ಲಿ ಉಳಿದವನು 26 ವರ್ಷದ ರಾಲ್ಫ್ ಪೆಕ್. ತಮಾಷೆ ಅಂದ್ರೆ ಪೆಕ್ ಓದಿದ್ದು ಸ್ಟ್ರಕ್ಚರ್ಸು, ಡಾಕ್ಟರೇಟ್ ಮಾಡಿದ್ದು ತೂಗುಸೇತುವೆಗಳ ಬಗ್ಗೆ. ಸೇತುವೆ ಕಂಪನಿಯ ಕೆಲಸ ಹೋದ ಮೇಲೆ ಹಾರ್ವರ್ಡಿಗೆ ಬಂದು ಆರ್ಥರ್ ಕ್ಯಾಸಗ್ರಾಂಡೆ ಹತ್ತಿರ ಸಾಯಿಲ್ ಮೆಕ್ಯಾನಿಕ್ಸ್ ಕ್ಲಾಸಿಗೆ ಕೂತಿದ್ದ. ಹೌದು, ಲಿಕ್ವಿಡ್ ಲಿಮಿಟ್ ಕಪ್ಪಿನ ಕ್ಯಾಸಗ್ರಾಂಡೆ.

ಪೆಕ್ ಶಿಕಾಗೋದಲ್ಲಿ ಮಾಡಿದ್ದು ಮುಖ್ಯವಾಗಿ ಅಳತೆ. ಸುರಂಗ ಮುಂದೆ ಹೋದಂತೆ ಜೇಡಿ ಎಷ್ಟು ಒಳಕ್ಕೆ ಹಿಂಡಿ ಬಂತು, ಮೇಲಿನ ರಸ್ತೆ ಎಷ್ಟು ಕುಸೀತು, ಮಣ್ಣಿನ ಬಲ ಎಷ್ಟು. ಇದೆಲ್ಲ ಬರೆದು ಟೆರ್ಜಾಘಿಗೆ ಕಳಿಸೋದು, ಅಲ್ಲಿಂದ ಪ್ರಶ್ನೆ ಬರೋದು, ಮತ್ತೆ ಸುರಂಗಕ್ಕೆ ಇಳಿಯೋದು. ಒಂಬತ್ತು ವರ್ಷದ ಮೇಲೆ, 1948ರಲ್ಲಿ, ಇಬ್ಬರೂ ಸೇರಿ 'ಸಾಯಿಲ್ ಮೆಕ್ಯಾನಿಕ್ಸ್ ಇನ್ ಎಂಜಿನಿಯರಿಂಗ್ ಪ್ರಾಕ್ಟೀಸ್' ಬರೆದ್ರು. ನಮ್ಮ ಲೈಬ್ರರಿಯಲ್ಲೂ ಒಂದು ಪ್ರತಿ ಇರಬೇಕು, ಬೆನ್ನು ಹರಿದದ್ದು.

1969ರಲ್ಲಿ ಪೆಕ್ ಲಂಡನ್ನಿನಲ್ಲಿ ರಾಂಕೀನ್ ಉಪನ್ಯಾಸ ಕೊಟ್ಟರು. ವಿಷಯ ಅಬ್ಸರ್ವೇಷನಲ್ ಮೆಥಡ್. ಇದರ ತಿರುಳು ನನ್ನ ಮಾತಲ್ಲಿ: ನೆಲ ಹೆಚ್ಚಾಗಿ ಹೇಗಿರಬಹುದೋ ಅದಕ್ಕೆ ಡಿಸೈನ್ ಮಾಡು. ಅತಿ ಕೆಟ್ಟದಾಗಿ ಹೇಗಿರಬಹುದು ಅಂತಲೂ ಯೋಚಿಸಿಡು. ಎರಡರಲ್ಲೂ ಏನು ಅಳತೆ ಬರಬೇಕು ಅಂತ ಮೊದಲೇ ಲೆಕ್ಕ ಹಾಕಿ ಬರೆದಿಡು. ಕೆಟ್ಟದ್ದು ಕಂಡ್ರೆ ಏನು ಮಾಡಬೇಕು ಅನ್ನೋದನ್ನೂ ಈಗಲೇ ತೀರ್ಮಾನಿಸು. ಆಮೇಲೆ ಕೆಲಸ ಶುರು ಮಾಡಿ ಅಳೀತಾ ಹೋಗು. 'ಮೊದಲೇ' ಅನ್ನೋದರಲ್ಲೇ ಎಲ್ಲಾ ಇದೆ. ಅಳತೆ ಬಂದ ಮೇಲೆ ಯಾರು ಬೇಕಾದ್ರೂ "ನಂಗೊತ್ತಿತ್ತು" ಅನ್ನಬಹುದು. ನಮ್ಮ ಪೆನ್ಸಿಲ್ ಕಾಲಂ ಇದರದ್ದೇ ಮರಿ ಅಂತ ನನಗೆ ಹೊಳೆದದ್ದು ಆ ಉಪನ್ಯಾಸ ಓದಿದಾಗ.

ಡಿಗ್ರಿಯ ಮರುದಿನ

ಕೆಲವು ದೇಶಗಳಲ್ಲಿ ಈ ಗುರು ಸಿಗೋದನ್ನ ಅದೃಷ್ಟಕ್ಕೆ ಬಿಟ್ಟಿಲ್ಲ. ಬ್ರಿಟನ್ನಿನ ಇನ್‌ಸ್ಟಿಟ್ಯೂಷನ್ ಆಫ್ ಸಿವಿಲ್ ಎಂಜಿನಿಯರ್ಸ್ ಒಪ್ಪಿದ ತರಬೇತಿ ಯೋಜನೆ ಇರುವ ಕಂಪನಿಗೆ ಸೇರಿದರೆ, ನಿಮ್ಮ ಹೊಣೆ ಹೊತ್ತ ಒಬ್ಬ ಹಿರಿಯ ಎಂಜಿನಿಯರ್ ಇರ್ತಾರೆ. ನೀವು ಏನು ಕಲಿತಿರಿ ಅಂತ ಆಗಾಗ ನೋಡಿ ಸಹಿ ಹಾಕ್ತಾರೆ, ಕೊನೆಗೆ ವರದಿ ಕೊಟ್ಟು ಹಿರಿಯರ ಮುಂದೆ ಸಂದರ್ಶನಕ್ಕೆ ಕೂತು ಪಾಸಾದ್ರೆ ಚಾರ್ಟರ್ಡ್ ಎಂಜಿನಿಯರ್. ನೆಲದ ಕೆಲಸ ಮಾಡೋರಿಗೇ ಅಂತ 2011ರಿಂದ ಅಲ್ಲಿ ಪ್ರತ್ಯೇಕ ರಿಜಿಸ್ಟರ್ ಕೂಡ ಇದೆ, ಮೂರು ಹಂತದ್ದು. ಅಮೆರಿಕದಲ್ಲಿ ಮೊದಲು ಎಫ್‌ಇ ಪರೀಕ್ಷೆ, ಆಮೇಲೆ ಸಾಮಾನ್ಯವಾಗಿ ನಾಲ್ಕು ವರ್ಷ ಲೈಸೆನ್ಸ್ ಇರೋರ ಕೈಕೆಳಗೆ ಕೆಲಸ, ಆಮೇಲೆ ಪಿಇ ಪರೀಕ್ಷೆ. ಕ್ಯಾಲಿಫೋರ್ನಿಯಾದಲ್ಲಿ ಜಿಯೋಟೆಕ್ನಿಕಲ್ ಎಂಜಿನಿಯರ್ ಅಂತ ಹಾಕ್ಕೋಬೇಕಾದ್ರೆ ಅದರ ಮೇಲೆ ಇನ್ನಷ್ಟು ಅನುಭವ, ಇನ್ನೊಂದು ಪರೀಕ್ಷೆ.

ನಮ್ಮಲ್ಲಿ ಆರ್ಕಿಟೆಕ್ಟುಗಳಿಗೆ 1972ರ ಕಾಯ್ದೆ ಇದೆ, ಎಂಜಿನಿಯರುಗಳಿಗೆ ಅಂಥ ರಾಷ್ಟ್ರೀಯ ಕಾಯ್ದೆ ಇಲ್ಲ. 1920ರಲ್ಲಿ ಶುರುವಾದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಚಾರ್ಟರ್ಡ್ ಎಂಜಿನಿಯರ್ ಬಿರುದು ಕೊಡುತ್ತೆ, ಊರಿನ ಪ್ಲಾನ್ ಅಪ್ರೂವಲ್‌ಗೆ ನಗರಸಂಸ್ಥೆಗಳ ನೋಂದಣಿ ಇದೆ. ಆದ್ರೆ ಸೈಟಲ್ಲಿ ನಿಲ್ಲೋಕೆ, ಫೀಲ್ಡ್ ಶೀಟಿಗೆ ಸಹಿ ಹಾಕೋಕೆ ಯಾವ ತಡೆಯೂ ಇಲ್ಲ. ಡಿಗ್ರಿ ಬಂದ ಮರುದಿನವೇ ನಾವು ಎಂಜಿನಿಯರ್. ಸೆಪ್ಟೆಂಬರ್ 15ಕ್ಕೆ ಸರ್ ಎಂವಿ ಫೋಟೋಗೆ ಹಾರ ಹಾಕಿ ಗ್ರೂಪ್ ಫೋಟೋ ತೆಗೆಸ್ಕೊಳ್ಳೋ ಉತ್ಸಾಹದ ಕಾಲುಭಾಗ ಈ ವಿಷಯಕ್ಕೆ ಇದ್ದಿದ್ರೆ ಅನ್ನಿಸುತ್ತೆ. ಹಾಗಂತ ಬ್ರಿಟನ್ನಿನ ಫಾರ್ಮುಗಳನ್ನ ಇಲ್ಲಿಗೆ ತಂದ್ರೆ ಎಲ್ಲಾ ಸರಿ ಹೋಗುತ್ತೆ ಅಂತಲೂ ನನಗೆ ನಂಬಿಕೆ ಇಲ್ಲ. ಮೀಟರ್ ಲೆಕ್ಕದಲ್ಲಿ ದುಡ್ಡು ಕೊಡೋ ತನಕ, ಅತಿ ಕಡಿಮೆ ರೇಟಿನವರಿಗೇ ಬೋರಿಂಗ್ ಕೊಡೋ ತನಕ, ಸಹಿ ಹಾಕೋಕೆ ಹೊಸ ಹುಡುಗ ಸಿಗ್ತಾನೇ ಇರ್ತಾನೆ.

ಹಾಗಾಗಿ ಸದ್ಯಕ್ಕೆ ಗುರುವನ್ನ ನಾವೇ ಹುಡುಕ್ಕೋಬೇಕು. ಇಂಟರ್‌ವ್ಯೂನಲ್ಲಿ ಕೊನೆಗೆ "ನಿಮಗೇನಾದ್ರೂ ಕೇಳೋದಿದ್ಯಾ?" ಅಂತಾರಲ್ಲ, ಆಗ ಸಂಬಳದ ಜೊತೆ ಇದನ್ನೂ ಕೇಳಿ: ಮೊದಲ ಆರು ತಿಂಗಳು ನನ್ನ ಫೀಲ್ಡ್ ಶೀಟ್ ಯಾರು ನೋಡ್ತಾರೆ, ಅವರು ಸೈಟಿಗೆ ಬರ್ತಾರಾ? ಉತ್ತರ ಹೇಳೋಕೆ ತಡವರಿಸಿದ್ರೆ ನಿಮಗೆ ವಿಷಯ ಗೊತ್ತಾಯ್ತು. ಹುಡುಗಿಯರು ಸೈಟಲ್ಲಿ ಶೌಚಾಲಯ ಇದ್ಯಾ ಅಂತಲೂ ನಾಚಿಕೆ ಇಲ್ಲದೇ ಕೇಳಿ. ಅದಿಲ್ಲದ ಒಂದೇ ಕಾರಣಕ್ಕೆ ಒಳ್ಳೊಳ್ಳೆಯವರು ಸೈಟು ಬಿಟ್ಟು ಆಫೀಸಿಗೆ ಸೇರಿದ್ದನ್ನ ನೋಡಿದ್ದೀನಿ. 1948ರಲ್ಲಿ ಶುರುವಾದ ಇಂಡಿಯನ್ ಜಿಯೋಟೆಕ್ನಿಕಲ್ ಸೊಸೈಟಿಗೆ ಬೆಂಗಳೂರಿನಲ್ಲೂ ಶಾಖೆ ಇದೆ, ಉಪನ್ಯಾಸ ಮಾಡಿಸ್ತಾರೆ. ಅಲ್ಲಿ ಉಪನ್ಯಾಸಕ್ಕಿಂತ ಆಮೇಲಿನ ಕಾಫಿ ಮುಖ್ಯ. ಮೂವತ್ತು ವರ್ಷ ಸುರಂಗ, ಅಣೆಕಟ್ಟು ನೋಡಿದವರು ಕಪ್ಪು ಹಿಡ್ಕೊಂಡು ಸುಮ್ನೆ ನಿಂತಿರ್ತಾರೆ, ಹೋಗಿ ಮಾತಾಡ್ಸೋರೇ ಇರಲ್ಲ.

ಅಷ್ಟಕ್ಕೂ ಕಾಯಬೇಕಾಗಿಲ್ಲ. ಈ ಸೆಮ್ ಲ್ಯಾಬಿನಲ್ಲೇ ಶುರು ಮಾಡಬಹುದು. ಓವನ್ನಿಗೆ ಇಡೋ ಮುಂಚೆ ವಾಟರ್ ಕಂಟೆಂಟ್ ಎಷ್ಟಿರಬಹುದು ಅಂತ ರೆಕಾರ್ಡಿನ ಅಂಚಿನಲ್ಲಿ ಬರೀರಿ. ಮಣ್ಣನ್ನ ಮೂರು ಮಿಲಿಮೀಟರ್ ದಾರವಾಗಿ ಹೊಸೆಯುವಾಗ ಪ್ಲಾಸ್ಟಿಕ್ ಲಿಮಿಟ್ ಊಹಿಸಿ. ಹಸಿ ಮಣ್ಣಿನ ಉಂಡೆಯನ್ನ ಅಂಗೈಯಲ್ಲಿ ಇಟ್ಟು ಕುಲುಕಿ: ಮೇಲೆ ನೀರಿನ ಹೊಳಪು ಬೇಗ ಬಂದ್ರೆ ಸಿಲ್ಟು, ಬರದೇ ಇದ್ರೆ ಕ್ಲೇ. ಸೀನಿಯರ್ಸ್ ಕೊಟ್ಟ ಹಳೇ ರೆಕಾರ್ಡಿನಿಂದ ರೀಡಿಂಗ್ ಇಳಿಸೋದು ನಮ್ಮ ಕಾಲದಲ್ಲೂ ಇತ್ತು, ಈಗಲೂ ಇರುತ್ತೆ, ಅದನ್ನ ಬೈಯೋ ಯೋಗ್ಯತೆ ನನಗಿಲ್ಲ. ಲಾಡ್ಜಿನ ಮಂಚದ ಮೇಲೆ ಕೂತಾಗ ನನ್ನ ಕೈ ನಡುಗದೇ ಇದ್ದದ್ದು ಆ ಅಭ್ಯಾಸದಿಂದಲೇ ಅಂತ ಮಾತ್ರ ಗೊತ್ತು.

ಈಗ ನನ್ನ ಕೈಕೆಳಗೂ ಒಬ್ಬಳು ಬಂದಿದ್ದಾಳೆ, ಹೋದ ವರ್ಷ ಡಿಗ್ರಿ ಮುಗಿಸಿದವಳು. ಅವಳ ಶೀಟಿನಲ್ಲೂ ಪೆನ್ಸಿಲ್ ಕಾಲಂ ಇದೆ. ಮೊನ್ನೆ 14 ಅಂತ ಬರೆದಿದ್ದಳು, 13 ಬಂತು. ಭೇಷ್ ಅನ್ನೋಷ್ಟರಲ್ಲಿ ಕೇಳಿದಳು, "ಸರ್, ನಾಲ್ಕನೇ ಹೋಲು ಇಳಿಜಾರಿನ ಕೆಳಗಿದೆ, ನೀರು ಮೇಲೇ ಸಿಗಬೇಕಿತ್ತು. ಎರಡನೇ ಹೋಲಿಗಿಂತ ಎರಡು ಮೀಟರ್ ಆಳದಲ್ಲಿದೆ. ಎರಡು ದಿನ ಬಿಟ್ಟು ಅಳೆದ್ರೂ ಅಷ್ಟೇ. ಯಾಕೆ?" ನನಗೆ ಹೊಳೀಲಿಲ್ಲ. ಟೇಪ್ ಸರಿ ಇದ್ಯಾ ಅಂತ ನೋಡಿದೆ, ಸರಿ ಇತ್ತು. ರಿಟೈರ್ ಆಗಿ ಮನೆಯಲ್ಲಿರೋ ಸರ್‌ಗೆ ಫೋನ್ ಹಚ್ಚಿದೆ. ಎಲ್ಲಾ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ್ರು:

"ಗೊತ್ತಿಲ್ಲ ಮಾರಾಯ. ಹೋಲು ಮುಚ್ಚಬೇಡಿ, ನಾಳೆ ಬೆಳಿಗ್ಗೆ ನಾನೇ ಬರ್ತೇನೆ."